ಸೋಪು ಕುಡಿದ ಗ್ಯಾಸ್ ತೊಟ್ಟಿ

ಕಿಸುಮು
ಆಗಸ್ಟ್ 19

ನನ್ನ ಮಕ್ಕಳ ಅಪ್ಪ ಓಡೆರೊಗೆ,

ಮೊಂಬಾಸಾ ಬಂದರಿನಲ್ಲಿ ಕ್ರೇನುಗಳೂ ನೀನೂ ಕ್ಷೇಮವೆಂದು ನಂಬಿದ್ದೇನೆ. ಫೋನ್ ಮಾಡಿದರೆ ನಿನಗೆ ಸಿಗ್ನಲ್ ಸಿಗುವುದಿಲ್ಲ, ಅದಕ್ಕೇ ಈ ಕಾಗದ. ತಡವಾಯಿತು, ಬೈಯಬೇಡ, ಮನೆಯಲ್ಲಿ ಆಸ್ಟ್ರಿಯಾ ಇತ್ತು.

ನಮ್ಮ ತರಬೇತಿ ಶಾಲೆಗೂ ಅಲ್ಲಿನ ಒಂದು ಶಾಲೆಗೂ ವಿನಿಮಯ ಏರ್ಪಟ್ಟಿದೆಯಲ್ಲ, ನಮ್ಮ ಸೌರ ಫಲಕ, ಗ್ಯಾಸ್ ತೊಟ್ಟಿ ನೋಡಲು ಅಲ್ಲಿಂದ ನಾಲ್ವರು ಬಂದಿದ್ದರು. ಬದಲಿಗೆ ನಮ್ಮಲ್ಲೊಬ್ಬರು ಅಲ್ಲಿಗೆ ಹೋಗಬೇಕು. ನನ್ನಂತೆಯೇ ಕೊಳಾಯಿ ಕೆಲಸ ಕಲಿಸುವ ಗುಡ್ರುನ್ ನಮ್ಮ ಮನೆಯಲ್ಲೇ ಇಳಿದಳು. ಮೊದಲ ದಿನ ಉಗಾಲಿ ಮುದ್ದೆಯನ್ನು ಚಮಚದಲ್ಲಿ ಕೆತ್ತತೊಡಗಿದಳು. ನಮ್ಮ ಪುಟ್ಟಿ ಅಕೆಯೊ, "ಆಂಟಿ, ಅದು ಸಿಮೆಂಟಲ್ಲ, ಕೈ ಹಾಕಿ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಅಪ್ಪನೂ ವಿನಿಮಯಕ್ಕೇ ಹೋಗಿರೋದಾ? ಹಂಗಾದ್ರೆ ಮೊಂಬಾಸಾದವರು ನಮಗೆ ಯಾರನ್ನ ಕಳಿಸ್ತಾರೆ?" ಎಂದು ಕೇಳಿದಳು. ನಾನು ಬಾಣಲೆಯ ಮೀನನ್ನು ಮಗುಚಿದೆ.

ಈಗ ತೊಟ್ಟಿಯ ವಿಷಯ ಕೇಳು. ಸರೋವರದ ಅಂತರಗಂಗೆ ಕಳೆಗೆ ಸಗಣಿ ಬೆರೆಸಿ ನಾನು ಸಾಕಿದ ತೊಟ್ಟಿ ಅದು. ಪ್ರದರ್ಶನದ ಹಿಂದಿನ ದಿನ ಹೋಗಿ ನೋಡುತ್ತೇನೆ, ಹೊಳೆಯುತ್ತಿದೆ! ಪ್ರಾಂಶುಪಾಲ ಓಬೊಂಡೊ ಪಕ್ಕದಲ್ಲಿ ಮದುಮಗನ ಹಾಗೆ ನಿಂತಿದ್ದಾರೆ.

"ಒಳಗೂ ತೊಳೆಸಿಬಿಟ್ಟೆ ಪೆರೆಸ್, ಸೋಪು ಹಾಕಿ. ಅವರು ಮುಚ್ಚಳ ತೆಗೆದು ನೋಡಿದ್ರೆ ಮಾನ ಹೋಗಲ್ವಾ?"

"ಸಾರ್, ಆ ಗಲೀಜೇ ಗ್ಯಾಸು! ಮತ್ತೆ ತುಂಬಿಸಿ ಕೊಳೆಯೋಕೆ ವಾರಗಟ್ಟಲೆ ಬೇಕು."

"ಹಂಗಾದ್ರೆ ನಾಳೆಯೊಳಗೆ ಕೊಳೆಯೋಕೆ ಹೇಳು."

ಯಾರಿಗೆ ಹೇಳಲಿ, ಸಗಣಿಗೆ? ಕೊನೆಗೆ ಅವರ ಮನೆಯ ಅಡುಗೆ ಸಿಲಿಂಡರನ್ನೇ ತಂದು, ಗೋಡೆಯ ಹಿಂದೆ ಇಟ್ಟು, ಕೊಳವೆ ಜೋಡಿಸಿದೆವು. ಮರುದಿನ ಅತಿಥಿಗಳು, ಪಾದ್ರಿಗಳು, ಊರಿನವರೆಲ್ಲರ ಮುಂದೆ ನೀಲಿ ಜ್ವಾಲೆ ಎದ್ದಿತು. "ಇದು ಸರೋವರದ ಕಳೆ ಕಾಯಿಸಿದ ಚಹಾ!" ಎಂದು ಓಬೊಂಡೊ ಕೈ ಬೀಸಿದರು. ಅಷ್ಟರಲ್ಲಿ ಪಕ್ ಎಂದು ಒಲೆ ಆರಿತು. ಅವರ ಹೆಂಡತಿ ಹೊಸ ಸಿಲಿಂಡರ್ ಕೊಡುತ್ತಾಳೆಯೇ? ಮುಗಿಯುತ್ತಾ ಬಂದದ್ದನ್ನೇ ಕೊಟ್ಟಿದ್ದಳು.

ಓಬೊಂಡೊ ಬೆವರಲಿಲ್ಲ. "ಈಗ ಪಾದ್ರಿಗಳು ಪ್ರಾರ್ಥನೆ ಮಾಡ್ತಾರೆ, ಎಲ್ಲರೂ ಕಣ್ಣು ಮುಚ್ಚಿ!" ಎಂದು ನನ್ನನ್ನು ಮೊಣಕೈಯಿಂದ ತಿವಿದರು. ಕ್ಯಾಂಟೀನಿನ ಸಿಲಿಂಡರ್ ಉರುಳಿಸಿಕೊಂಡು ಗೋಡೆಯ ಹಿಂದಕ್ಕೆ ಹೋದರೆ, ಅಲ್ಲಿ ಗುಡ್ರುನ್ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಅವಳೊಬ್ಬಳೇ ಕಣ್ಣು ಮುಚ್ಚಿರಲಿಲ್ಲ.

"ವಾಸನೆ ಬರ್ಲಿಲ್ಲ ಅಂತ ಆಗಲೇ ಅನುಮಾನ ಬಂತು. ಎಲ್ಲಿ ನಿಮ್ಮ ಸಗಣಿ?"

ಸುಳ್ಳು ಹೇಳಲು ಉಸಿರಿರಲಿಲ್ಲ. "ತೊಳೆದುಬಿಟ್ರು," ಎಂದೆ.

ಅವಳು ನಕ್ಕು ನಕ್ಕು ನೆಲಕ್ಕೇ ಕುಳಿತಳು. ಅವರ ಶಾಲೆಗೆ ಮಂತ್ರಿ ಬಂದ ದಿನ ಗಾಳಿಯೇ ಇರಲಿಲ್ಲವಂತೆ. ಗಾಳಿಯಂತ್ರದ ರೆಕ್ಕೆಗೆ ಹಗ್ಗ ಕಟ್ಟಿ, ಪೊದೆಯಲ್ಲಿ ಅಡಗಿ ಇವಳೇ ಎಳೆದಳಂತೆ. "ಸ್ಪ್ಯಾನರ್ ಕೊಡು ಇಲ್ಲಿ," ಎಂದು ತಾನೇ ಸಿಲಿಂಡರ್ ಬದಲಾಯಿಸಿದಳು. ಪಾದ್ರಿ ಆಮೆನ್ ಎನ್ನುವುದಕ್ಕೂ ಒಲೆ ಹೊತ್ತುವುದಕ್ಕೂ ಸರಿಹೋಯಿತು. ಪವಾಡವೆಂದು ಕೆಲವರಂತೂ ಅಳುತ್ತಿದ್ದರು!

ಮುಂದಿನ ದಿನಗಳಲ್ಲಿ ನಾವಿಬ್ಬರೇ ಬೂಟು ತೊಟ್ಟು ತೊಟ್ಟಿ ತುಂಬಿಸಿದೆವು. ಅವಳು ಸಗಣಿಯಲ್ಲಿ ಜಾರಿಬಿದ್ದು, "ಈಗ ಬಂತು ವಾಸನೆ" ಎಂದಳು. ಹೊರಡುವಾಗ ಎಲ್ಲರೆದುರು, "ನಮ್ಮಲ್ಲಿಗೆ ಪೆರೆಸ್ ಬರಬೇಕು" ಎಂದಳು. ಓಬೊಂಡೊ ಪೆಟ್ಟಿಗೆ ಕಟ್ಟಿಕೊಂಡಿದ್ದರಂತೆ, ಪಾಪ. ಆದರೂ ಮೊದಲು ಚಪ್ಪಾಳೆ ತಟ್ಟಿದವರು ಅವರೇ.

ಜನವರಿಯಲ್ಲಿ ಹೊರಡುತ್ತೇನೆ. ಮಕ್ಕಳು ಸಿಯಾಯಾದಲ್ಲಿ ನನ್ನ ಅಕ್ಕನ ಮನೆಯಲ್ಲಿರುತ್ತಾರೆ. ಇದು ನಿನ್ನ ಅಪ್ಪಣೆ ಕೇಳುವ ಕಾಗದವಲ್ಲ, ತಿಳಿಸುವ ಕಾಗದ. ನ್ಯಾಸಾಯೆ ದೇವರು ನಿನ್ನ ಬೆನ್ನು, ಮೊಣಕಾಲು ಗಟ್ಟಿಯಾಗಿಟ್ಟಿರಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಮನೆಯವಳು,
ಪೆರೆಸ್ ಅವೂರ್

ಮತ್ತೆ ಒಂದು ಮಾತು: ಮೊಂಬಾಸಾದಿಂದ ರಜೆಗೆ ಬಂದ ನಿನ್ನ ತಮ್ಮ ಬಾಯಿತಪ್ಪಿ ಹೇಳಿದ, ಅವನನ್ನು ಬೈಯಬೇಡ. ಅಲ್ಲಿ ಇನ್ನೊಂದು ಮನೆಯಿದೆ, ಹೆಂಗಸೊಬ್ಬಳಿದ್ದಾಳೆ ಎಂಬುದನ್ನು ನಾನು ಊಹಿಸಿದ್ದೆ, ಊಹಿಸಿ ಸುಮ್ಮನಿದ್ದೆ. ಆದರೆ ಅವಳಿಗೆ ಹುಟ್ಟಿದ ಹೆಣ್ಣುಮಗುವಿಗೆ ನಿನ್ನ ಅಮ್ಮನ ಹೆಸರಿಟ್ಟಿದ್ದೀಯಂತೆ. ಅತ್ತೆ ಹಾಸಿಗೆ ಹಿಡಿದಾಗ ಗಂಜಿ ಕುಡಿಸಿದವಳು ನಾನು, ಓಡೆರೊ. ಇನ್ನೊಂದು ಹೆಣ್ಣು ಹುಟ್ಟಿದರೆ ಇಡುತ್ತೇನೆ ಎಂದು ಆ ಹೆಸರನ್ನು ಅವರ ಬಾಯಿಂದಲೇ ಕೇಳಿ ಪಡೆದಿದ್ದೆ. ಅದೊಂದನ್ನಾದರೂ ನನಗೆ ಉಳಿಸಬಹುದಿತ್ತು.