ದೊಡ್ಡ ಅಕ್ಷರಕ್ಕೆ ಬೀಗ ಹಾಕಿದವರಿಗೆ

೧೪ ಡಿಸೆಂಬರ್ ೨೦೨೫, ಭಾನುವಾರ. ಔರಾದ ತಾಲೂಕಿನ ನಮ್ಮ ಹೋಬಳಿಯ ಗ್ರಂಥಾಲಯ. ಬಾಗಿಲು ತೆರೆದಿದೆ, ಕರೆಂಟ್ ಇದೆ, ಕಂಪ್ಯೂಟರುಗಳ ಮುಂದೆ ಯಾರೂ ಇಲ್ಲ.

ಬೀದರಿನಲ್ಲಿ ಕುಳಿತು ಇಡೀ ಜಿಲ್ಲೆಯ ಗ್ರಂಥಾಲಯಗಳ ಕಂಪ್ಯೂಟರುಗಳನ್ನು ಆಳುವ ಮಾನ್ಯರೇ,

ಕಳೆದ ತಿಂಗಳು ನಿಮ್ಮ ಆದೇಶದಂತೆ ನಮ್ಮ ಕಂಪ್ಯೂಟರುಗಳನ್ನು ‘ಏಕರೂಪ’ಗೊಳಿಸಲಾಯಿತು. ಅಂದಿನಿಂದ, ಖಾಸಗಿಯಾಗಿ ಹತ್ತನೇ ತರಗತಿಯ ಪರೀಕ್ಷೆಗೆ ಕಟ್ಟಿರುವ ಒಬ್ಬ ಹೆಂಗಸಿಗೆ ತನ್ನ ಪಾಠ ಓದಲಾಗುತ್ತಿಲ್ಲ. ಪರೀಕ್ಷೆ ಮಾರ್ಚಿನಲ್ಲಿದೆ. ನನ್ನ ದೂರು ಇಷ್ಟೇ. ಇದನ್ನು ದೂರೆಂದು ನೀವು ಒಪ್ಪಲಾರಿರಿ ಎಂಬ ಅನುಮಾನದಿಂದ ಮುಂದಿನದನ್ನು ಬರೆಯುತ್ತಿದ್ದೇನೆ.

ಆಕೆ ಮುನ್ನಿಬೀ. ಠಾಣಾ ಕುಶನೂರಿಗೆ ಹೋಗುವ ರಸ್ತೆಯಲ್ಲಿ ಅವರ ಹೊಲಿಗೆ ಅಂಗಡಿಯಿದೆ. ಕನ್ನಡಕದಿಂದ ಸರಿಹೋಗದ ದೃಷ್ಟಿದೋಷ. ಬಟ್ಟೆಯ ಹೊಲಿಗೆಯನ್ನು ಬೆರಳಿನಿಂದಲೇ ತಿಳಿಯಬಲ್ಲರು, ಪಠ್ಯಪುಸ್ತಕದ ಅಕ್ಷರ ಬೆರಳಿಗೆ ಸಿಗುವುದಿಲ್ಲ. ಅವರು ಓದುತ್ತಿದ್ದದ್ದು ನಮ್ಮ ಗ್ರಂಥಾಲಯದ ಪರದೆಯ ಮೇಲೆ ಮಾತ್ರ.

ಆ ಪರದೆಯನ್ನು ನಾವು ಓದುಗರು ಸುಮ್ಮನೆ ಆರಿಸಿರಲಿಲ್ಲ. ಈ ಕಂಪ್ಯೂಟರುಗಳಿಗೆ ನೀವೇ ಹಾಕಿಸಿದ ಲಿನಕ್ಸ್ ವ್ಯವಸ್ಥೆಯಲ್ಲಿ ಯಂತ್ರದ ಒಳಗನ್ನು ಮುಟ್ಟದೆ ಕಣ್ಣಿಗೆ ಕಾಣುವ ಮುಖವನ್ನು, ಅಂದರೆ ಡೆಸ್ಕ್‌ಟಾಪನ್ನು ಬೇಕಾದಂತೆ ಬದಲಿಸಬಹುದು. ನಮ್ಮೂರಿನವರೇ ಆದ, ಬೀದರಿನ ಪಾಲಿಟೆಕ್ನಿಕ್‌ನಲ್ಲಿ ಕಲಿಸುವ ಅಶ್ವಜಿತ ಒಂದೊಂದು ಕಂಪ್ಯೂಟರಿಗೆ ಒಂದೊಂದು ಬಗೆಯ ಡೆಸ್ಕ್‌ಟಾಪ್ ಹಾಕಿಕೊಟ್ಟರು. ನಾವು ಇಟ್ಟ ಪರೀಕ್ಷೆ ಸರಳ: ಯಾರನ್ನೂ ಕೇಳದೆ ಪುಸ್ತಕ ತೆರೆಯಬೇಕು, ಅಕ್ಷರ ದೊಡ್ಡದು ಮಾಡಬೇಕು, ಮುಗಿದ ಮೇಲೆ ಬಂದ್ ಮಾಡಿ ಮನೆಗೆ ಹೋಗಬೇಕು. ಒಂದರಲ್ಲಿ ಮೆನು ಯಾವ ಮೂಲೆಯಲ್ಲಿದೆಯೆಂದು ಹುಡುಕುವುದರಲ್ಲೇ ಸಂಜೆಯಾಯಿತು. ಇನ್ನೊಂದು ನೋಡಲು ಚಂದ, ನಮ್ಮ ಹಳೆಯ ಯಂತ್ರಗಳಿಗೆ ಮಾತ್ರ ಅದರ ಭಾರ ತಡೆಯಲಾಗಲಿಲ್ಲ. ಎಕ್ಸ್‌ಎಫ್‌ಸಿಇ ಎಂಬ ಹಗುರವಾದದ್ದರಲ್ಲಿ ಎಲ್ಲರೂ ಪಾಸಾದರು. ಕೆಳಗೆ ಅಗಲವಾದ ಪಟ್ಟಿ, ಅದರ ಮೇಲೆ ದೊಡ್ಡ ಗುಂಡಿಗಳು. ಗುಂಡಿಗಳಿಗೆ ಹೆಸರಿಟ್ಟವರು ಓದುಗರೇ: ‘ಕಪಾಟ’, ‘ದೊಡ್ಡ ಅಕ್ಷರ’, ‘ಬಂದ್ ಮಾಡ್ರಿ’. ಮುನ್ನಿಬೀಯವರ ಕಣ್ಣಿಗೆ ಹೊಂದಲೆಂದು ಕಪ್ಪು ಹಿನ್ನೆಲೆಯ ಮೇಲೆ ಹಳದಿ ಅಕ್ಷರ.

ತಪಾಸಣೆಗೆ ಬಂದ ನಿಮ್ಮವರು ಆ ಕಪ್ಪು ಪರದೆಯನ್ನು ನೋಡಿ ವೈರಸ್ ಎಂದರು. ಅಲ್ಲವೆಂದು ತಿಳಿದ ಮೇಲೆ ‘ಅನಧಿಕೃತ ಮಾರ್ಪಾಡು’ ಎಂದರು. ವೈರಸ್ ಆಗಿದ್ದರೆ ಕ್ಷಮೆ ಸಿಗುತ್ತಿತ್ತೇನೋ. ವಾರ ಕಳೆಯುವುದರೊಳಗೆ ಬೀದರಿನಿಂದ ಒಬ್ಬ ತಂತ್ರಜ್ಞ ಬಂದು ಎಲ್ಲವನ್ನೂ ಅಳಿಸಿದ. ಪಾಪ, ಅವನಿಗೆ ಅದೇ ಸಂಜೆ ಭಾಲ್ಕಿಗೆ ಹೋಗಬೇಕಿತ್ತು. ಪುಸ್ತಕ ತೆರೆದುಕೊಂಡು ಕುಳಿತಿದ್ದ ಮುನ್ನಿಬೀಯವರನ್ನು ಎಬ್ಬಿಸಿದ. ಯಾಕೆಂದು ಅವರು ಕೇಳಿದರು.

“ಎಲ್ಲಾ ಕಡಿ ಒಂದೇ ನಮೂನಿ ಇರಬೇಕಂತ ಆರ್ಡರ್ ಅದರಿ ಅಕ್ಕಾ. ನಾ ಏನ್ ಮಾಡ್ಲಿ?”

“ಎಲ್ಲಾರಿಗೂ ಒಂದೇ ಅಳತಿ ಜಂಪರ್ ಹೊಲಿದು ಕೊಟ್ರ ನನ್ನ ದುಕಾನಕ್ಕ ಯಾರರ ಬರ್ತಾರೇನೋ ತಮ್ಮಾ? ನಿಮ್ಮ ಸಾಹೇಬರ ಪ್ಯಾಂಟ್ ಯಾರ ಅಳತಿದು ಅದ, ಕೇಳಿ ಬಾ.”

ಅವನು ನಕ್ಕ. ಕೆಲಸ ನಿಲ್ಲಿಸಲಿಲ್ಲ.

ಈಗ ಮೆನು ಇಂಗ್ಲಿಷಿನಲ್ಲಿದೆ, ಮೇಲಿನ ಮೂಲೆಯಲ್ಲಿ ಅಡಗಿದೆ. ಅಕ್ಷರ ಸಾಸಿವೆಯಷ್ಟು. ಹಿನ್ನೆಲೆಗೆ ನಿಮ್ಮದೇ ಭಾವಚಿತ್ರ. ಮುನ್ನಿಬೀಯವರಿಗೆ ಪರದೆಯ ಮೇಲೆ ಸ್ಪಷ್ಟವಾಗಿ ಕಾಣುವುದು ಈಗ ಅದೊಂದೇ. ಏನನ್ನೇ ಬದಲಿಸಲು ಪಾಸ್‌ವರ್ಡ್ ಬೇಕು, ಅದು ಬೀದರಿನಲ್ಲಿದೆ. ಗ್ರಂಥಪಾಲಕ ಕಾಶೀರಾಮ ಫೋನ್ ಮಾಡಿ ಕೇಳಿದಾಗ, ನಿಯಮ ಎಲ್ಲರಿಗೂ ಒಂದೇ, ಒಬ್ಬರಿಗಾಗಿ ಸಡಿಲಿಸಲು ಬರುವುದಿಲ್ಲ ಎಂಬ ಉತ್ತರ ನಿಮ್ಮ ಕಚೇರಿಯಿಂದ ಬಂತು. ಬದಲಿಸಲು ಬರುತ್ತದೆಂಬ ಕಾರಣಕ್ಕೇ ಜಗತ್ತು ಮೆಚ್ಚಿದ ವ್ಯವಸ್ಥೆಯನ್ನು ತಂದು, ಬದಲಿಸುವುದನ್ನೇ ಅಪರಾಧ ಮಾಡಲು ಎಷ್ಟು ಸಭೆಗಳನ್ನು ನಡೆಸಿದಿರಿ? ಆ ಸಭೆಗಳಲ್ಲಿ ಓದುವವರು ಒಬ್ಬರಾದರೂ ಇದ್ದರೇ?

ನಾನು ಹೆಚ್ಚಾಗಿ ಅನುವಾದಗಳನ್ನು ಓದುವವನು. ರಷ್ಯನ್ ಬಾರದ ನನಗೆ ರಷ್ಯಾದ ಕಾದಂಬರಿಗಳು ಈ ಗ್ರಂಥಾಲಯದಲ್ಲೇ ಸಿಕ್ಕವು, ಕನ್ನಡದಲ್ಲಿ. ಏಕರೂಪತೆಗಾಗಿ ಮೂಲದಲ್ಲೇ ಓದು ಎಂದು ಯಾರೂ ಹೇಳಲಿಲ್ಲ. ಕಪಾಟುಗಳವರೆಗೆ ನಿಮ್ಮ ಆದೇಶ ಇನ್ನೂ ಬಂದಿಲ್ಲ ಎಂಬುದೇ ಸಮಾಧಾನ. ನಿಮ್ಮ ಈ ಕೆಲಸದ ಬಗ್ಗೆ ನನಗಿರುವುದು ಸಿಟ್ಟಲ್ಲ, ಹೇಸಿಗೆ.

ಬೇಡಿಕೆ ಒಂದೇ. ಪಾಸ್‌ವರ್ಡ್ ಕಾಶೀರಾಮ ಅವರಿಗೆ ಕೊಡಿ, ಡೆಸ್ಕ್‌ಟಾಪ್ ಆರಿಸುವ ಹಕ್ಕನ್ನು ಅದರ ಮುಂದೆ ಕೂರುವವರಿಗೆ ಬಿಡಿ.

ಬರುವ ಭಾನುವಾರದವರೆಗೆ ಕಾಯುತ್ತೇವೆ. ಅಲ್ಲಿಯವರೆಗೂ ಉತ್ತರ ಬಾರದಿದ್ದರೆ, ಅಶ್ವಜಿತರು ದಾರಿ ಹೇಳಿಕೊಡುತ್ತಾರೆ, ಆ ಭಾನುವಾರವೇ ನಾನು ನನ್ನ ಕೈಯಾರೆ ಬೀಗ ತೆಗೆದು ಹಳೆಯ ಡೆಸ್ಕ್‌ಟಾಪನ್ನು ಮರಳಿ ಹಾಕುತ್ತೇನೆ. ಹಾಡುಹಗಲಿನಲ್ಲಿ, ಬಾಗಿಲು ತೆರೆದಿಟ್ಟು. ಅಂದು ಕಾಶೀರಾಮ ರಜೆಯಲ್ಲಿರುತ್ತಾರೆ, ಅವರನ್ನು ಏನೂ ಕೇಳಬೇಡಿ. ಮುನ್ನಿಬೀಯವರಿಗೆ ಬರಲು ಹೇಳಿದ್ದೇವೆ. ಈ ಪತ್ರ ಬರೆಯುವ ಹೊತ್ತಿಗೆ ಯಾವ ಯಂತ್ರವನ್ನೂ ಮುಟ್ಟಿಲ್ಲ.

ಇಂತಿ,
ಇಷ್ಟು ದಿನ ಗ್ರಂಥಾಲಯದ ಒಂದು ನಿಯಮವನ್ನೂ ಮುರಿಯದ
ಒಬ್ಬ ಓದುಗ