ಬಾಗಿಲಿಗೆ ಬೆನ್ನು ಹಾಕಿ

ಜೂನ್ ೮, ಭಾನುವಾರ

ಪ್ರೀತಿಯ ಅಕ್ಕನಿಗೆ ನಿನ್ನ ತಂಗಿಯ ನಮಸ್ಕಾರಗಳು.

ನಾವಿಬ್ಬರೂ ಚೆನ್ನಾಗಿದ್ದೇವೆ. ನಿನ್ನ ಮಂಡಿನೋವು ಹೇಗಿದೆ? ಪಾರ್ಸೆಲ್ ತಲುಪಿತೆಂದು ಎರಡು ಸಾಲು ಕೂಡ ಬರೆಯದೆ ಇಷ್ಟು ದಿನ ಸುಮ್ಮನಿದ್ದೆನಲ್ಲ, ಬಾಯ್ತುಂಬ ಬೈದುಬಿಡು. ಹೇಗೂ ನನಗೆ ಕೇಳಿಸುವುದಿಲ್ಲ! ತಮಾಷೆಗೆ ಹೇಳಿದೆ ಅಕ್ಕಾ, ಸಿಟ್ಟಾಗಬೇಡ. ನನ್ನ ಕಿವಿ ಹೋದ ಮೇಲೆ ಫೋನಿನ ಹರಟೆ ಬಿಟ್ಟು ನನಗೋಸ್ಕರ ಕಾಗದ ಬರೆಯುವ ಅಭ್ಯಾಸ ಮಾಡಿಕೊಂಡವಳು ನೀನು. ನಿನಗೆ ಒಳ್ಳೆಯ ಸುದ್ದಿಯನ್ನೇ ಬರೆಯಬೇಕೆಂದು ಕಾದೆ. ನೀನು ಕಳಿಸಿದ ಎರಡೂ ಕ್ಯಾಮೆರಾಗಳು ಈಗ ಕೆಲಸ ಮಾಡುತ್ತಿವೆ.

ಆ ಕೋಟು ಕಳುವಾದ ಮೇಲೆ ನಾನು ಹೇಗಿದ್ದೆ ಎಂಬುದನ್ನು ನಿನಗೆ ಪೂರ್ತಿ ಬರೆದಿರಲಿಲ್ಲ. ಕಿಟಕಿಗೆ ಮುಖ ಮಾಡಿ ರಫು ಹಾಕುತ್ತಾ ಕೂತಿದ್ದೆ. ಯಾರೋ ಬೆನ್ನ ಹಿಂದೆಯೇ ಒಳಗೆ ಬಂದು, ಗಿರಾಕಿಯ ಕೋಟನ್ನು ಗೂಟದಿಂದ ಎತ್ತಿಕೊಂಡು ಹೋಗಿದ್ದರು. ನಮ್ಮದು ಹಲಗೆಯ ನೆಲ ಅಲ್ಲವೇ? ಇವರು ಕೆಲಸದಿಂದ ಬಂದಾಗ ಕಾಲಲ್ಲಿ ಎರಡು ಸಲ ನೆಲ ಗುದ್ದುತ್ತಾರೆ, ನನ್ನ ಕುರ್ಚಿ ಅದುರುತ್ತದೆ, ನಾನು ಬೆಚ್ಚಿಬೀಳದೆ ತಿರುಗುತ್ತೇನೆ. ಕಳ್ಳನಿಗೆ ಅಷ್ಟು ಮರ್ಯಾದೆ ಎಲ್ಲಿಂದ ಬರಬೇಕು! ಕೋಟು ಹೋದದ್ದು ಹೋಗಲಿ, ಒಬ್ಬ ಮನುಷ್ಯ ಕೈಗೆಟುಕುವಷ್ಟು ಹತ್ತಿರ ನಿಂತಿದ್ದರೂ ನನಗೆ ಗೊತ್ತಾಗಲಿಲ್ಲವಲ್ಲ, ಅದು ನನ್ನನ್ನು ತಿಂದುಹಾಕಿತು.

ಅಂದಿನಿಂದ ಬಾಗಿಲ ಕಡೆ ತಿರುಗಿ ಕೂರತೊಡಗಿದೆ. ಚಿಲಕ ಹಾಕಿಕೊಂಡರೆ ಗಿರಾಕಿ ಬಡಿದದ್ದು ತಿಳಿಯಬೇಕಲ್ಲ. ಕಿಟಕಿ ಬೆನ್ನಿಗಾಯಿತು, ನನ್ನ ನೆರಳು ನನ್ನ ಕೈಮೇಲೇ ಬಿತ್ತು. ಹರಿದ ಕಡೆ ಎಳೆಗೆ ಎಳೆ ಕೂಡಿಸಿ ಹೊಸ ಬಟ್ಟೆಯ ಹಾಗೆ ಮಾಡುವ ಕೆಲಸ ನನ್ನದು. ಕಪ್ಪು ಬಟ್ಟೆ, ಕಪ್ಪು ದಾರ, ಕಣ್ಣು ಮಾತ್ರ ಬಾಗಿಲ ಮೇಲೆ. ಇಬ್ಬರು ಗಿರಾಕಿಗಳು ಬಟ್ಟೆ ವಾಪಸ್ ತಂದು, ಪಾಪ, ಬೇಜಾರಾಗದ ಹಾಗೆ ಮಾತಾಡಿ ಹೋದರು. ಕೆಲಸವನ್ನೇ ಬಿಟ್ಟುಬಿಡೋಣ ಎಂದುಕೊಂಡಿದ್ದಾಗ ನಿನ್ನ ಪಾರ್ಸೆಲ್ ಬಂತು.

ಇನ್ನು ನಮ್ಮವರ ಪ್ರತಾಪ ಕೇಳು. ನಮ್ಮ ವೈಫೈ ಎರಡು ಹೆಸರಲ್ಲಿ ಕಾಣಿಸುತ್ತದೆ. ಅದರಲ್ಲಿ 'ಫೈವ್ ಜಿ' ಅಂತ ಇರುವುದಕ್ಕೆ ನಿನ್ನ ಕ್ಯಾಮೆರಾ ಸುತರಾಂ ಸೇರಲಿಲ್ಲ. ಇನ್ನೊಂದನ್ನು ಒತ್ತಿ, ಪಾಸ್‌ವರ್ಡ್ ಹಾಕಿ, ಫೋನಿನಲ್ಲಿ ಮೂಡಿದ ಚೌಕದ ಗುರುತನ್ನು ಕ್ಯಾಮೆರಾದ ಕಣ್ಣಿಗೆ ಹಿಡಿದೆವು. ಕೆಂಪು ದೀಪ ನೀಲಿಯಾಯಿತು. ಇವರ ಮುಖ ಇಷ್ಟಗಲ! ಒಂದು ಕ್ಯಾಮೆರಾವನ್ನು ಕಿಟಕಿಯ ಮೇಲೆ ಬಾಗಿಲ ಕಡೆಗೆ, ಇನ್ನೊಂದನ್ನು ಹಿಂಬಾಗಿಲ ಮೆಟ್ಟಿಲಿಗೆ ಹಾಕಿದರು. ಅಷ್ಟಕ್ಕೇ ಬಿಡಬಾರದೇ?

"ಕಳ್ಳ ಮೊದ್ಲು ರೌಟರನ್ನೇ ಕಿತ್ಕೊಂಡು ಹೋದ್ರೆ?" ಎಂದರು. ಜೀವಮಾನವಿಡೀ ಉಕ್ಕಿನ ಬೀರು ಮಾಡಿದವರು ಬೇರೇನು ಯೋಚಿಸಿಯಾರು! ಮರುದಿನ ತಮ್ಮ ವರ್ಕ್‌ಶಾಪಿನಲ್ಲಿ ದಪ್ಪ ತಗಡಿನ ಪೆಟ್ಟಿಗೆ ಮಾಡಿಸಿ ತಂದು, ಬಣ್ಣ ಹೊಡೆದು, ರೌಟರನ್ನು ಒಳಗಿಟ್ಟು ಬೀಗ ಜಡಿದರು. ಕ್ಯಾಮೆರಾಗಳೆರಡೂ ಕೆಂಪಗಾದವು. ಇಡೀ ವಾರ ಕ್ಯಾಮೆರಾ ಬಿಚ್ಚಿದ್ದೇ ಬಿಚ್ಚಿದ್ದು, ಸಿಕ್ಕಿಸಿದ್ದೇ ಸಿಕ್ಕಿಸಿದ್ದು. "ನಿಮ್ಮಕ್ಕಂಗೆ ಯಾರೋ ಟೋಪಿ ಹಾಕಿದಾರೆ ಕಣೆ" ಎಂದೂ ಅಂದರು. ಕ್ಷಮಿಸಿಬಿಡು.

ಕಿವಿ ಇಲ್ಲದವಳಿಗೆ ದೀಪಗಳ ಮೇಲೆಯೇ ಗಮನ. ಇವರು ಧೂಳು ಒರೆಸಲು ಪೆಟ್ಟಿಗೆ ತೆರೆದಾಗ ಕ್ಯಾಮೆರಾ ನೀಲಿಯಾದದ್ದನ್ನು ಕಂಡೆ. ಮುಚ್ಚಿದರು, ಸ್ವಲ್ಪ ಹೊತ್ತಿಗೆ ಮತ್ತೆ ಕೆಂಪು. "ರೀ, ನಿಮ್ಮ ಪೆಟ್ಟಿಗೆ ಕಳ್ಳನನ್ನೂ ಒಳಗೆ ಬಿಡಲ್ಲ, ವೈಫೈನೂ ಹೊರಗೆ ಬಿಡಲ್ಲ" ಎಂದೆ. ಇಂಗು ತಿಂದ ಮಂಗನ ಹಾಗೆ ನಿಂತರು. ಆಮೇಲೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆ ಪೆಟ್ಟಿಗೆಯಲ್ಲಿ ಈಗ ನನ್ನ ದಾರದ ಉಂಡೆಗಳಿವೆ, ಬೀಗದ ಸಮೇತ.

ಈಗ ನಾನು ಮತ್ತೆ ಕಿಟಕಿಯ ಬೆಳಕಿನಲ್ಲಿ, ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದೇನೆ ಅಕ್ಕಾ. ಯಾರಾದರೂ ಬಂದರೆ ಮೇಜಿನ ಮೇಲಿನ ಫೋನು ನಡುಗುತ್ತದೆ, ಮುಖ ಕಾಣಿಸುತ್ತದೆ. ಮೊನ್ನೆ ಒಂದು ಶಾಲು ಮುಗಿಸಿ ಕೊಟ್ಟೆ. ಗಿರಾಕಿ ಹರಿದಿದ್ದ ಜಾಗ ಹುಡುಕಿ ಹುಡುಕಿ ಸೋತರು. ನೀನು ನನ್ನ ಕೆಲಸವನ್ನು ನನಗೆ ಉಳಿಸಿಕೊಟ್ಟೆ. ಈ ಉಪಕಾರವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

ಭಾವನಿಗೆ ನಮಸ್ಕಾರ ತಿಳಿಸು. ಮಕ್ಕಳು ನೂರು ಕಾಲ ಸುಖವಾಗಿರಲಿ. ನಿನ್ನ ಆಶೀರ್ವಾದ ಯಾವಾಗಲೂ ನಮ್ಮ ಮೇಲಿರಲಿ.

ನಿನ್ನ ಪ್ರೀತಿಯ,
ಪುಟ್ಟಿ

ತಾ.ಕ.: ಇದನ್ನು ಬರೆಯಬಾರದು ಎಂದುಕೊಂಡಿದ್ದೆ, ಆಗಲಿಲ್ಲ. ನನಗೆ ಕಿವಿ ಕೇಳುತ್ತಿದ್ದಾಗ ಇವರು ಬಾಗಿಲಲ್ಲಿ ನಿಂತು "ಮನೇಲಿ ಯಾರಿದ್ದೀರಿ?" ಅನ್ನುತ್ತಿದ್ದರು, ನಾನು "ಯಾರೂ ಇಲ್ಲ, ಆಮೇಲೆ ಬನ್ನಿ" ಅನ್ನುತ್ತಿದ್ದೆ, ನೀನು ನಮ್ಮಿಬ್ಬರನ್ನೂ ಆಡಿಕೊಳ್ಳುತ್ತಿದ್ದೆ. ನೆನಪಿದೆಯಾ? ಕಿವಿಯ ಜೊತೆ ಅದೂ ಹೋಯಿತು ಎಂದುಕೊಂಡಿದ್ದೆ. ಕ್ಯಾಮೆರಾ ಬಂದ ಮೇಲೆ ಒಂದು ಸಂಜೆ ಫೋನು ನಡುಗಿತು. ಇವರು ಒಳಗೆ ಬಂದು ಚಪ್ಪಲಿ ಬಿಟ್ಟದ್ದು ಅದರಲ್ಲಿ ಕಾಣಿಸಿತು. ನನ್ನ ಬೆನ್ನು ನೋಡುತ್ತಾ ಅದೇ ಮಾತು ಆಡಿದರು. ಅವರ ತುಟಿಗಳನ್ನು ನಾನು ಓದಬಲ್ಲೆ. ಉತ್ತರಕ್ಕೆ ಒಂದು ಗಳಿಗೆ ಕಾದರು. ಆಮೇಲೆ ನೆಲ ಗುದ್ದಿದರು. ದಿನವೂ ಹೀಗೆಯೇ ಅಕ್ಕಾ. ಇಷ್ಟು ವರ್ಷ ಕೇಳಿದ್ದಾರೆ, ಕಾದಿದ್ದಾರೆ, ನನಗೆ ಗುದ್ದಿದ್ದು ಮಾತ್ರ ಗೊತ್ತು. ಅದನ್ನು ನೆನೆದರೆ ಸೂಜಿಗೆ ದಾರ ಪೋಣಿಸಲಾಗುವುದಿಲ್ಲ.

ನಿನ್ನೆ ಅವರ ತುಟಿ ಆಡಿದ್ದನ್ನು ಫೋನಿನಲ್ಲಿ ನೋಡಿ, ತಿರುಗದೆಯೇ ಗಟ್ಟಿಯಾಗಿ ಹೇಳಿದೆ: "ಯಾರೂ ಇಲ್ಲ, ಆಮೇಲೆ ಬನ್ನಿ!" ನೆಲ ಗುದ್ದಲು ಎತ್ತಿದ ಕಾಲನ್ನು ಅವರು ಎಷ್ಟೋ ಹೊತ್ತು ಕೆಳಗಿಡಲೇ ಇಲ್ಲ.