ಬಟನ್‌ಳ ಕೋಟಿನ ಅಳತೆ

ಹೊಲಿಗೆ ಅಂಗಡಿಯಿಂದ
ಹದಿನಾಲ್ಕನೇ ತಾರೀಖು, ಮಂಗಳವಾರ

ಬಟನ್‌ಳ ಅಮ್ಮನಿಗೆ,

ಏಳು ವರ್ಷದ ಮೇಲೆ ಬರೆಯುತ್ತಿರುವ ಕಾಗದ. ನಿನ್ನನ್ನು ಏನೆಂದು ಕರೆಯಬೇಕೋ ತೋಚದೆ ಮೂರು ಹಾಳೆ ಹರಿದೆ. ಮಗಳ ಹೆಸರಿನ ಹಿಂದೆ ಅವಿತುಕೊಂಡರೆ ನೀನು ಓದದೆ ಎಸೆಯಲಾರೆ ಎಂಬ ಧೈರ್ಯ. ಅಂಬೆಗಾಲಿಡುವಾಗ ನನ್ನ ಮಿಷನ್ ಕೆಳಗೆ ಬಿದ್ದಿದ್ದ ಬಟನ್ ನುಂಗಿ, ಎರಡು ದಿನ ತನ್ನ ಕಕ್ಕಕ್ಕೆ ನಮ್ಮಿಬ್ಬರನ್ನೂ ಕಾವಲು ಕೂರಿಸಿದ್ದಳಲ್ಲ, ಆ ಅಡ್ಡಹೆಸರು ಈಗಲೂ ಮನೆಯಲ್ಲಿ ನಡೆಯುತ್ತಿದೆಯೋ ಇಲ್ಲವೋ.

ದತ್ತು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಇದರ ಜೊತೆ ಇಟ್ಟಿದ್ದೇನೆ. ಇನ್ನು ಕೋರ್ಟು ಒಪ್ಪಿದರೆ ನಿನ್ನ ಗಂಡ, ಔಷಧಿ ಅಂಗಡಿಯವರೇ, ಕಾನೂನಿನಲ್ಲೂ ಅವಳ ಅಪ್ಪ.

ಹೋದ ತಿಂಗಳು ನಿನ್ನ ವಕೀಲರು ಬಂದಾಗ ನಾನು ಹಾರಾಡಿದ್ದು ನಿನ್ನ ಕಿವಿಗೆ ಬಿದ್ದಿರಬೇಕು. ಹೆತ್ತ ಅಪ್ಪನ ಸಹಿಯಿಲ್ಲದೆ ದತ್ತು ಕಷ್ಟ ಎಂದು ಅವರು ಹೇಳಿದ್ದೇ ತಡ, ನನಗೆ ಕೊಂಬು ಮೂಡಿತು. "ಸಾವಿರ ಮಕ್ಕಳ ಮಧ್ಯೆ ನಿಲ್ಸಿ, ನನ್ನ ಮಗಳನ್ನ ನಾನು ಗುರುತು ಹಿಡೀತೀನಿ. ಮಾತ್ರೆ ಎಣಿಸೋನಿಗೆ ಕೊಟ್ಟುಬಿಡೋಕೆ ಅವಳೇನು ಮಿಕ್ಕಿದ ಬಟ್ಟೆ ತುಂಡಾ?" ಎಂದು ಕೂಗಿದೆ. ಕೈಯಲ್ಲಿ ಕತ್ತರಿ ಬೇರೆ ಇತ್ತು. ಪಾಪ, ವಕೀಲರು ಚಹಾ ಅರ್ಧಕ್ಕೇ ಬಿಟ್ಟು ಎದ್ದರು.

ಅವರು ಬಿಟ್ಟುಹೋದ ಕಾಗದದಲ್ಲಿ ಅವಳ ಹೊಟ್ಟೆಯ ಆಪರೇಷನ್ ಸಂಗತಿ ಓದಿದೆ. ನೀನು ಕೆಲಸದ ಮೇಲೆ ಬೇರೆ ಊರಲ್ಲಿದ್ದೆ. ಔಷಧಿ ಅಂಗಡಿಯವರ ಸಹಿ ಆಸ್ಪತ್ರೆಯಲ್ಲಿ ನಡೆಯಲಿಲ್ಲ. ನೀನು ಬಂದು ಮುಟ್ಟುವ ತನಕ ಮಗು ನರಳುತ್ತಾ ಕಾಯಿತು. ಆಗಲೇ ನನ್ನ ಕೈ ಪೆನ್ನಿಗೆ ಹೋಗಬೇಕಿತ್ತು. ಹೋಗಲಿಲ್ಲ.

ಹೋದ ಶನಿವಾರ ಔಷಧಿ ಅಂಗಡಿಯವರೇ ಶಾಲೆಯ ಕೋಟು ಹೊಲಿಸುವ ನೆಪದಲ್ಲಿ ಅವಳನ್ನು ನನ್ನ ಅಂಗಡಿಗೆ ಕರೆತಂದರು. ನಿನಗೆ ಹೇಳಿರಲಾರರು, ಬೈಯಬೇಡ. ಅವರ ಮುಖ ನಾನು ಎಂದೂ ನೋಡಿರಲಿಲ್ಲ. ಆದರೆ ಮಗಳು ಹೊಸ್ತಿಲು ದಾಟುತ್ತಲೇ ಗುರುತು ಹಿಡಿದೆ. ರಕ್ತ ಸುಮ್ಮನಿರುತ್ತದೆಯೇ? ಬಾಯಿ ಮಾತ್ರ ಬಿಡಲಿಲ್ಲ. ಟೇಪು ಕಂಕುಳಿಗೆ ತಾಗಿದಾಗ ಕಿಲಕಿಲ ನಕ್ಕು, "ಅಪ್ಪಾ, ಇವ್ರು ಕಚಗುಳಿ ಇಡ್ತಾರೆ ನೋಡು," ಎಂದಳು. ಅವರು ತಿರುಗಿ ನೋಡಿ ನಕ್ಕರು. ಚೀಲ ಯಾವಾಗಲೂ ಎಡಕ್ಕೇ ಹಾಕುತ್ತಾಳೆ, ಆ ಭುಜ ಕೊಂಚ ಇಳಿದಿದೆ ನೋಡಿ ಎಂದರು. ಅಳೆದೆ, ಇಳಿದೇ ಇತ್ತು. ಇಷ್ಟು ತಿಳಿದವರ ಕೈಯಲ್ಲೇ ಇರಲಿ ಎಂದು ಸಹಿ ಹಾಕಿದೆ.

ಮೂರು ವರ್ಷದವಳನ್ನು ಬಿಟ್ಟು ಹೊರಟವನು ನಾನೇ. ಸ್ವಂತ ಅಂಗಡಿ ಆಗಲಿ, ಮುಖ ತೋರಿಸುವಂತಾಗಲಿ, ಆಮೇಲೆ ಹೋದರಾಯಿತು ಎಂದು ದಿನ ತಳ್ಳಿದೆ. ಗಿರಾಕಿಗಳಿಗೆ 'ನಾಳೆ ಬನ್ನಿ' ಎಂದು ಹೇಳಿ ಅಭ್ಯಾಸವಾದ ಬಾಯಿ, ಮಗಳಿಗೂ ಅದನ್ನೇ ಹೇಳಿತು. ತಪ್ಪಾಯಿತು. ಇದಕ್ಕಿಂತ ಬೇರೆ ಮಾತು ನನ್ನ ಹತ್ತಿರ ಇಲ್ಲ.

ಇತಿ,
ಒಂದು ಕಾಲಕ್ಕೆ ನಿನ್ನವನಾಗಿದ್ದ
ದರ್ಜಿ

ತಾ.ಕ.: ಗುರುತು ಹಿಡಿದೆ ಎಂದು ಮೇಲೆ ಬರೆದದ್ದು ಸುಳ್ಳು. ಭುಜ, ತೋಳು, ಎದೆ ಎಲ್ಲ ಅಳೆದೆ. ಯಾರ ಮಗುವಿಗೋ ಹೇಳುವಂತೆ "ನೆಟ್ಟಗೆ ನಿಲ್ಲು ಪುಟ್ಟಿ" ಎಂದು ಗದರಿದೆ. ಸಂಜೆ ಅವರೊಬ್ಬರೇ ಮರಳಿ ಬಂದು, "ನಿಮಗೂ ನೋಡ್ಬೇಕು ಅನ್ಸಿರುತ್ತೆ ಅಂತ ಕರ್ಕೊಂಡು ಬಂದಿದ್ದೆ," ಎಂದಾಗಲೇ ಅವಳು ಯಾರೆಂದು ನನಗೆ ಗೊತ್ತಾದದ್ದು. ಮೊದಲೇ ಗೊತ್ತಿದ್ದವನಂತೆ ತಲೆಯಾಡಿಸಿದೆ. ಸಹಿ ಹಾಕಿದ್ದು ಅದಕ್ಕೆ. ಕೋಟಿನ ತೋಳಿನಲ್ಲಿ ನಾಲ್ಕು ಬೆರಳಗಲ ಬಟ್ಟೆ ಒಳಗೆ ಮಡಚಿ ಹೊಲಿದಿದ್ದೇನೆ. ಅವಳು ಬೆಳೆದಂತೆ ಬಿಚ್ಚಿಸು, ಬೇರೆ ದರ್ಜಿಯ ಹತ್ತಿರ.